ಕಚ್ಚಿಕೊಂಡ ನಟ್ಟೂ ನಮ್ಮ ಪದವಿಯೂ

ಸ್ಪಾನರು ಹಿಡಿದವನಿಗೆ ತೋಳಿದ್ದರೆ ಸಾಕು, ತಲೆ ಬೇಕಿಲ್ಲವೆಂದು ಓದಿದವರಾದ ನಾವು ಬಹುಮಟ್ಟಿಗೆ ನಂಬಿದ್ದೇವೆ. ಹಳೆಯ ಲಾರಿಯ ಸೈಲೆನ್ಸರಿನಲ್ಲಿ ತುಕ್ಕು ಹಿಡಿದು ಕಚ್ಚಿಕೊಂಡ ಒಂದು ನಟ್ಟು ಈ ನಂಬಿಕೆಯನ್ನು ಸುಳ್ಳು ಮಾಡಬಲ್ಲದು.

ನಟ್ಟು ಕಚ್ಚಿಕೊಳ್ಳುವುದೇಕೆ? ನೀರೂ ಗಾಳಿಯೂ ತಗಲಿ ಹುಟ್ಟುವ ತುಕ್ಕು, ತಾನು ತಿಂದ ಕಬ್ಬಿಣದ ಎರಡು ಪಟ್ಟಿಗೂ ಮಿಕ್ಕ ಜಾಗವನ್ನು ಬೇಡುತ್ತದೆ. ತಿರುಪಿನ ಸಂದಿಯಲ್ಲಿ ಅಷ್ಟು ಜಾಗವೆಲ್ಲಿದೆ? ಆದುದರಿಂದ ಬೆಣೆ ಹೊಡೆದಂತೆ ಬಿಗಿಯುತ್ತದೆ. ಇದನ್ನರಿಯದೆ ಸ್ಪಾನರಿಗೆ ಉದ್ದನೆಯ ಕೊಳವೆ ಸಿಕ್ಕಿಸಿ ಜಗ್ಗಿದರೆ ನಟ್ಟಿನ ಮೂಲೆಗಳು ಸವೆದು ದುಂಡಗಾಗುತ್ತವೆ. ಇಲ್ಲವೇ ಬೋಲ್ಟೇ ಮುರಿಯುತ್ತದೆ.

ಬಲ್ಲವನು ಮೊದಲು ತಂತಿಯ ಬ್ರಷ್ಷಿನಿಂದ ತಿರುಪನ್ನು ಉಜ್ಜುತ್ತಾನೆ. ಸಂದಿಗಿಳಿಯುವ ತೆಳುವಾದ ಎಣ್ಣೆ ಬಿಟ್ಟು, ಮೆಲ್ಲನೆ ತಟ್ಟಿ, ರಾತ್ರಿಯೆಲ್ಲ ಕಾಯುತ್ತಾನೆ. ಆರು ಮೂಲೆಗೂ ಸರಿಯಾಗಿ ಕೂರುವ ಸಾಕೆಟ್ಟನ್ನು ಹಾಕಿ, ಕೊಂಚ ಬಿಗಿದು, ಕೊಂಚ ಸಡಿಲಿಸಿ ನೋಡುತ್ತಾನೆ. ಅದಕ್ಕೂ ಅಲುಗದಿದ್ದರೆ, ಎಣ್ಣೆಯನ್ನು ಒರಸಿ, ಇಂಧನವೂ ರಬ್ಬರೂ ಹತ್ತಿರವಿಲ್ಲವೆಂದು ಖಚಿತಪಡಿಸಿಕೊಂಡು, ನಟ್ಟನ್ನು ಮಾತ್ರ ಕಾಯಿಸುತ್ತಾನೆ. ಕಾದ ನಟ್ಟು ಹಿಗ್ಗುತ್ತದೆ. ಒಳಗಿನ ಬೋಲ್ಟು ಅಷ್ಟು ಹಿಗ್ಗದು. ಗಾಡಿಯ ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ತೊಡಿಸುವ ನಮ್ಮ ಕಮ್ಮಾರನಿಗೂ ಈ ತತ್ತ್ವವೇ ಆಧಾರ.

ಬಲವನ್ನೇ ನಂಬಿದವನಿಗೆ ಇನ್ನೊಂದು ಪರೀಕ್ಷೆಯುಂಟು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಿಂದ 1945ರವರೆಗೆ ತಯಾರಾದ ವಿಲ್ಲೀಸ್ ಜೀಪಿನ ಎಡಗಡೆಯ ಚಕ್ರಗಳ ನಟ್ಟುಗಳಿಗೆ ತಿರುಪು ತಿರುವುಮುರುವು. ಇದನ್ನು ತಿಳಿಯದವನು ಬಿಚ್ಚುತ್ತಿದ್ದೇನೆಂದು ಭಾವಿಸಿ ಬಿಗಿಯುತ್ತಲೇ ಇರುತ್ತಾನೆ!

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. "ಇನ್ನು ನೀನು ಕೈ ಕೊಳೆ ಮಾಡಿಕೊಳ್ಳಬೇಕಾಗಿಲ್ಲ" ಎಂದು ಹಿರಿಯರು ಹರಸುತ್ತಾರೆ. ಆ ಮಾತಿನ ಹಿಂದಿನ ಪ್ರೀತಿಯನ್ನು ಬಲ್ಲೆ. ಆದರೆ ಬಾಳೆಲ್ಲ ದುಡಿದ ತಮ್ಮ ಕೈಗಳನ್ನೇ ಅವರು ಕೀಳೆಂದು ತಿಳಿಯುವಂತಾದುದು ನನಗೆ ನೋವಿನ ಸಂಗತಿ. ಕಾರಣವನ್ನು ಹುಡುಕುವುದು, ತಾಳ್ಮೆಯಿಂದ ಕಾಯುವುದು, ಹಾನಿ ಕಡಿಮೆಯಾದ ಉಪಾಯವನ್ನು ಮೊದಲು ಪ್ರಯೋಗಿಸುವುದು – ಇವನ್ನು ತರಗತಿಯಲ್ಲಿ ವಿದ್ಯೆಯೆಂದು ಕರೆದು ಅಂಕ ಕೊಡುತ್ತೇವೆ. ಗ್ಯಾರೇಜಿನಲ್ಲಿ ಕೂಲಿಯೆಂದು ಕರೆದು ಚೌಕಾಸಿ ಮಾಡುತ್ತೇವೆ. ಇದು ನ್ಯಾಯವೇ?

ಆದುದರಿಂದ ಸಹಪಾಠಿಗಳಲ್ಲಿಯೂ ಅಧ್ಯಾಪಕ ವರ್ಗದಲ್ಲಿಯೂ ನನ್ನದೊಂದು ಬಿನ್ನಹ. ಬರುವ ವರ್ಷದ ಸೇವಾಶಿಬಿರಕ್ಕೆ ಊರಿನ ಒಬ್ಬ ಮೇಸ್ತ್ರಿಯನ್ನು ಆಹ್ವಾನಿಸೋಣ. ರಿಪೇರಿ ಮಾಡಿಸಿಕೊಳ್ಳಲು ಅಲ್ಲ, ಅವರಿಂದ ಪಾಠ ಹೇಳಿಸಿಕೊಳ್ಳಲು. ಕುರ್ಚಿಯಲ್ಲಿ ಅವರು ಕುಳಿತಿರಲಿ, ನೆಲದ ಮೇಲೆ ನಾವು ಕೂರೋಣ.