ತಾನಾಗೇ ಬಿಟ್ಟಳಂತೆ!

ನಮ್ಮ ವಠಾರದ ಅಕ್ಕ ಹದಿನೆಂಟು ವರ್ಷ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿದರು. ಈಗ ಮೆಟ್ಟಿಲು ಹತ್ತಬೇಕಾದರೆ ಗೋಡೆ ಹಿಡಿಯುತ್ತಾರೆ. ಎರಡೂ ಪಾದಗಳನ್ನು ಒಂದೇ ಮೆಟ್ಟಿಲ ಮೇಲೆ ಕೂಡಿಸಿಕೊಂಡು, ಉಸಿರು ಬಿಟ್ಟು, ಆಮೇಲೆ ಮುಂದಿನದು. ಮೊನ್ನೆ ಫ್ಯಾಕ್ಟರಿಯವರು ಮೊದಲೇ ಟೈಪ್ ಮಾಡಿಟ್ಟಿದ್ದ ಕಾಗದಕ್ಕೆ ಅವರ ಸಹಿ ಹಾಕಿಸಿಕೊಂಡರು. ಸ್ವಂತ ಕಾರಣದಿಂದ ಕೆಲಸ ಬಿಡುತ್ತಿದ್ದೇನೆ ಅಂತ ಅದರಲ್ಲಿತ್ತು.

ಸ್ವಂತ ಕಾರಣವಂತೆ! ಮಂಡಿ ಅವರದ್ದೇ, ಒಪ್ಪೋಣ. ಅದನ್ನು ಸವೆಸಿದ ಪೆಡಲ್ ಯಾರದ್ದು?

ಬೆನ್ನಿಗೆ ಆಸರೆಯಿಲ್ಲದ ಸ್ಟೂಲು, ಗಂಟೆಗಿಷ್ಟು ಪೀಸ್ ಎಂಬ ಟಾರ್ಗೆಟ್. ಟಾಯ್ಲೆಟ್ಟಿಗೆ ಎದ್ದರೆ ಸೂಪರ್‌ವೈಸರ್ ಬೈಯುತ್ತಾನೆಂದು ಹಗಲೆಲ್ಲ ನೀರೇ ಕುಡಿಯುತ್ತಿರಲಿಲ್ಲ. ರಾತ್ರಿ ಹತ್ತಕ್ಕೆ ಅನ್ನ ಸಾರು ಉಂಡು ಬಿದ್ದುಕೊಂಡರೆ ಮತ್ತೆ ಐದಕ್ಕೆ ಒಲೆ. ಹಣ್ಣು ತರಕಾರಿ ಕಾಣುತ್ತಿದ್ದದ್ದು ಸಂಬಳವಾದ ವಾರ ಮಾತ್ರ. ಹೀಗೆ ಬದುಕಿದ ಮೈ ಊದಿಕೊಂಡಿತು. ಆಸ್ಪತ್ರೆಗೆ ಹೋದರೆ, "ತೂಕ ಇಳಿಸಮ್ಮ, ದಿನಾ ವಾಕಿಂಗ್ ಮಾಡು" ಅಂದರು. ಯಾವ ಹೊತ್ತಿನಲ್ಲಿ ಸ್ವಾಮಿ, ಕನಸಿನಲ್ಲಾ?

ಅಷ್ಟೇ ದಪ್ಪದ, ಅದೇ ಮಂಡಿನೋವಿನ ಮ್ಯಾನೇಜರ್ ಲಿಫ್ಟಿನಲ್ಲಿ ಹತ್ತಿ ಬಂದು ಕುರ್ಚಿಯಲ್ಲಿ ಕೂರುತ್ತಾನೆ. ಅವನ ಕೆಲಸಕ್ಕೆ ಮಂಡಿಯೇ ಬೇಕಿಲ್ಲ. ಅಕ್ಕನ ಅನ್ನ ನಿಂತಿದ್ದೇ ಮಂಡಿಯ ಮೇಲೆ.

ಕಾನೂನಿಲ್ಲವೇ? ಇದೆ. ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂತೆಂದು ನೌಕರರನ್ನು ತೆಗೆಯುವಂತಿಲ್ಲ, ಅದೇ ಸಂಬಳದ ಬೇರೆ ಹುದ್ದೆ ಕೊಡಿ ಎನ್ನುತ್ತದೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. ಆದರೆ ಆ ಮಾತು ಸರ್ಕಾರಿ ಸಂಸ್ಥೆಗಳಿಗಷ್ಟೇ. ಖಾಸಗಿ ಫ್ಯಾಕ್ಟರಿಯ ಗೇಟಿನಲ್ಲಿ ಅದಕ್ಕೆ ಪ್ರವೇಶವಿಲ್ಲ. ಇಎಸ್‌ಐಗೆಂದು ತಿಂಗಳು ತಿಂಗಳೂ ಅಕ್ಕನ ಸಂಬಳದಲ್ಲಿ ದುಡ್ಡು ಮುರಿದರು. ಆದರೆ ಅಲ್ಲಿ ಅಂಗವೈಕಲ್ಯದ ಭತ್ಯೆ ಸಿಗಬೇಕಾದರೆ ಕೆಲಸದಲ್ಲಾದ ಗಾಯವಿರಬೇಕು, ಇಲ್ಲವೇ ಪಟ್ಟಿಯಲ್ಲಿರುವ ಔದ್ಯೋಗಿಕ ಕಾಯಿಲೆಯಾಗಿರಬೇಕು. ಒಂದೇ ಏಟಿಗೆ ಬೆರಳು ತುಂಡಾದರೆ ಲೆಕ್ಕಕ್ಕುಂಟು. ಹದಿನೆಂಟು ವರ್ಷ ಚೂರುಚೂರೇ ಸವೆದ ಮಂಡಿಯನ್ನು ಮಾತ್ರ ವಯಸ್ಸು, ಬೊಜ್ಜು ಅಂತ ಬರೆದು ಫೈಲು ಮುಚ್ಚುತ್ತಾರೆ.

58 ತುಂಬುವವರೆಗೆ ಪಿಎಫ್‌ನಲ್ಲಿ ಮಾಲೀಕರ ಪಾಲು ಮುಟ್ಟುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ತಂದಾಗ, 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆ, ತುಮಕೂರು ರಸ್ತೆ ತುಂಬಿ ನಿಂತರು. ಎರಡೇ ದಿನಕ್ಕೆ ನಿಯಮ ವಾಪಸಾಯಿತು. ಅವರಿಗ್ಯಾಕೆ ಅಷ್ಟು ಅವಸರ ಎಂದು ಆಗ ಕೇಳಿದವರಿದ್ದರು. ಅಕ್ಕನ ಮಂಡಿ ನೋಡಿ, ಉತ್ತರ ಅಲ್ಲಿದೆ. 58ರವರೆಗೆ ಆ ಲೈನಿನಲ್ಲಿ ಮೈ ಉಳಿಯುವುದಿಲ್ಲ. ಉಂಡ ಎಲೆ ಎಸೆದ ಹಾಗೆ ಇವರನ್ನು ಎಸೆದು, ಎಲೆ ತಾನೇ ಎದ್ದು ಹೋಯಿತು ಎಂದು ಬರೆದುಕೊಳ್ಳುತ್ತಾರೆ!

ಅಕ್ಕ ತಂಗಿಯರೇ, ಆ ಟೈಪ್ ಮಾಡಿದ ಕಾಗದಕ್ಕೆ ಸಹಿ ಹಾಕಬೇಡಿ. ಅಪಘಾತದಿಂದಲೋ ಕಾಯಿಲೆಯಿಂದಲೋ ಆ ಕೆಲಸ ಮಾಡಲಾಗದೆ ಹೊರಬಿದ್ದವರಿಗೆ ಐದು ವರ್ಷ ತುಂಬದಿದ್ದರೂ ಗ್ರ್ಯಾಚುಯಿಟಿ ಕೊಡಬೇಕೆಂದು 1972ರ ಕಾಯ್ದೆಯೇ ಹೇಳಿತ್ತು. "ಸ್ವಂತ ಕಾರಣ" ಎಂಬ ಎರಡು ಪದ ಆ ಬಾಗಿಲಿಗೂ ಚಿಲಕ ಹಾಕುತ್ತದೆ. ಬಿಳಿ ಹಾಳೆ ಕೇಳಿ, ನಿಮ್ಮ ಕೈಯಾರೆ ಬರೆಯಿರಿ: ಈ ಕೆಲಸ ಮಾಡಿ ನನ್ನ ಮಂಡಿ ಹೋಗಿದೆ, ಅದಕ್ಕೇ ಬಿಡುತ್ತಿದ್ದೇನೆ.