ಆಕಾಶದ ಅಂತರ, ನೆಲದ ಹೊತ್ತು
ಬೆಂಗಳೂರಿನ ದೇವನಹಳ್ಳಿ ವಿಮಾನ ನಿಲ್ದಾಣದಿಂದ ಶಿವಮೊಗ್ಗದ ಸೋಗಾನೆ ನಿಲ್ದಾಣಕ್ಕೆ ಆಕಾಶಮಾರ್ಗದಲ್ಲಿ ಸುಮಾರು 240 ಕಿ.ಮೀ., ಹಾರಾಟಕ್ಕೆ ಹೆಚ್ಚುಕಡಿಮೆ ಒಂದು ಗಂಟೆ. 2023ರ ಆಗಸ್ಟ್ 31ರಂದು ಈ ವಿಮಾನ ಸೇವೆ ಶುರುವಾದಾಗ ಶೃಂಗೇರಿ, ಕೊಪ್ಪ, ನರಸಿಂಹರಾಜಪುರಗಳೂ ರಾಜಧಾನಿಗೆ ಹತ್ತಿರವಾದವು ಎಂದು ಭಾವಿಸಿದವರು ಬಹಳ. ಆದರೆ ಪ್ರಯಾಣದ ಹೊತ್ತನ್ನು ಮನೆಬಾಗಿಲಿನಿಂದ ಮನೆಬಾಗಿಲಿಗೆ ಅಳೆಯಬೇಕು. ಬೆಂಗಳೂರು ನಗರದಿಂದ ದೇವನಹಳ್ಳಿ ತಲುಪಲು ಒಂದೂವರೆ ಗಂಟೆ, ತಪಾಸಣೆ ಮತ್ತು ಕಾಯುವಿಕೆಗೆ ಅಷ್ಟೇ ಹೊತ್ತು, ಸೋಗಾನೆಯಿಂದ ಶೃಂಗೇರಿಯ ನೂರು ಕಿ.ಮೀ. ತಿರುವುಹಾದಿಗೆ ಎರಡೂವರೆ ಗಂಟೆ ಕೂಡಿಸಿದರೆ ಲೆಕ್ಕ ಆರು ಗಂಟೆ ದಾಟುತ್ತದೆ. ರಾತ್ರಿ ಬಸ್ಸು ಇದಕ್ಕಿಂತ ತುಸು ಹೆಚ್ಚು ಹೊತ್ತು ತೆಗೆದುಕೊಂಡರೂ ನಿದ್ದೆಯಲ್ಲೇ ಊರು ಮುಟ್ಟಿಸುತ್ತದೆ. ಮಂಗಳೂರಿನ ಬಜಪೆ ವಿಮಾನ ನಿಲ್ದಾಣ ಇದೆಯಲ್ಲ ಎನ್ನಬಹುದು. ಅದೂ ಶೃಂಗೇರಿಗೆ ಸರಿಸುಮಾರು ಅಷ್ಟೇ ದೂರ, ಜೊತೆಗೆ ನಡುವೆ ಘಟ್ಟವಿದೆ, ಮಳೆಗಾಲದ ಭೂಕುಸಿತದ ಭಯವಿದೆ. ಹಾಗಾದರೆ ಸೋಗಾನೆಯ ವಿಮಾನ ನಿಲ್ದಾಣ ವ್ಯರ್ಥವೇ? ಖಂಡಿತ ಅಲ್ಲ. ಶಿವಮೊಗ್ಗಕ್ಕೆ ಸಮೀಪದ ನರಸಿಂಹರಾಜಪುರಕ್ಕೆ, ದೆಹಲಿ, ಮುಂಬೈಗಳಿಂದ ಬೆಂಗಳೂರಿಗೆ ಬಂದಿಳಿದು ಅಲ್ಲಿಂದಲೇ ಮುಂದಿನ ವಿಮಾನ ಹಿಡಿಯುವ ಶೃಂಗೇರಿ ಶಾರದಾಪೀಠದ ಯಾತ್ರಿಕರಿಗೆ ಅದು ನಿಜಕ್ಕೂ ಅನುಕೂಲ. ಆದರೆ ಆ ಅನುಕೂಲ ಪೂರ್ಣವಾಗುವುದು ನೆಲದ ಮೇಲೆ. ವಿಮಾನದ ವೇಳೆಗೆ ಹೊಂದುವ ಸರ್ಕಾರಿ ಬಸ್ಸು, ಮಳೆಗೆ ಜಗ್ಗದ ರಸ್ತೆ, ಇವೆರಡನ್ನೂ ಮಲೆನಾಡಿನ ಜನಪ್ರತಿನಿಧಿಗಳು ಮೊದಲು ದೊರಕಿಸಿಕೊಡಲಿ.