ಕಾಲ ಕೆಳಗಿನದೋ, ಕಣ್ಣ ಮುಂದಿನದೋ?

ನಮ್ಮ ಮಧುಗಿರಿ ಸೀಮೆಯ ಶಾಲೆ ಕಾಲೇಜುಗಳ ಸಮಾರಂಭಗಳಲ್ಲಿ, "ಅತಿಥಿಗಳು ಪೋಡಿಯಂ ಬಳಿಗೆ ದಯಮಾಡಿಸಬೇಕು" ಎಂಬ ಬಿನ್ನಹವನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ನಿರೂಪಕರು ತೋರಿಸುವುದು ಎದೆಮಟ್ಟಕ್ಕೆ ನಿಂತ ಮರದ ಪೆಟ್ಟಿಗೆಯನ್ನು. ಪೋಡಿಯಂ ಎಂಬುದಾದರೋ ಪಾದವೆಂಬರ್ಥದ ಗ್ರೀಕ್ ಮಾತಿನಿಂದ ಹುಟ್ಟಿದ್ದು. ನ್ಯಾಯವಾಗಿ ಅದು ಕಾಲ ಕೆಳಗಿನ ಕಟ್ಟೆ. ಕಾಗದವಿಟ್ಟು ಓದುವ ಪೀಠಕ್ಕೆ ಇಂಗ್ಲಿಷಿನಲ್ಲಿಯೂ ಲೆಕ್ಟರ್ನ್ ಎಂಬ ಬೇರೆ ಹೆಸರಿದೆ. ಅದರ ಮೂಲ ಓದು ಎಂಬರ್ಥದ ಲ್ಯಾಟಿನ್ ಧಾತು. ಅಮೆರಿಕದವರ ಆಡುಮಾತು ಎರಡನ್ನೂ ಬೆರೆಸಿತು. ನಾವು ಆ ಬೆರಕೆಯನ್ನೇ ಎರವಲು ತಂದಂತಿದೆ.

ಪರಭಾಷೆಯ ಶಬ್ದ ಕೂಡದೆಂಬ ಮಡಿವಂತಿಕೆ ನನಗಿಲ್ಲ. ಮೈಕು ಬಂದಿತು, ಹಳ್ಳಿಹಳ್ಳಿಯ ನಾಲಗೆಗೆ ಒಗ್ಗಿತು, ಇರಲಿ. ಅಂಥ ವಸ್ತು ನಮ್ಮಲ್ಲಿರಲಿಲ್ಲ. ಆದರೆ ಕಾಲ ಕೆಳಗಿನದಕ್ಕೆ ನಮ್ಮಲ್ಲಿ ಹೆಸರಿನ ಬರವೆ? ಊರಿನ ಅರಳೀಕಟ್ಟೆ, ಮನೆಯ ಜಗಲಿ, ದೇಗುಲದ ಜಗತಿ, ಬಯಲಾಟದ ರಂಗಸ್ಥಳ, ಸಭೆಯ ವೇದಿಕೆ. ಪುಸ್ತಕದ ಪೀಠಕ್ಕೂ ಹೆಸರುಂಟು: ವ್ಯಾಸಪೀಠ. ಕುಮಾರವ್ಯಾಸನ ಭಾರತವನ್ನು ವಾಚಿಸುವ ಗಮಕಿಯ ಮುಂದೆ, ಕತ್ತರಿಯಂತೆ ಬಿಚ್ಚಿ ಮಡಿಸುವ ಹಲಗೆಗಳ ಆಸರೆ ಅದು.

"ಅದು ಪುರಾಣದ ಸಾಮಗ್ರಿ, ಶಾಲೆಗೆ ಸಲ್ಲದು" ಎನ್ನುವವರಿದ್ದಾರೆ. ಅದೇ ಆಕಾರದ ಹಲಗೆಯ ಮೇಲೆ ನೆರೆಯ ಶಿರಾದ ಮುಸಲ್ಮಾನರು ಕುರಾನನ್ನಿಟ್ಟು ಓದುತ್ತಾರೆ. ಅದನ್ನು ರೆಹಲ್ ಎನ್ನುತ್ತಾರೆ. ಮರಾಠಿಯಲ್ಲಂತೂ ವ್ಯಾಸಪೀಠವೆಂದರೆ ಸಾರ್ವಜನಿಕ ಸಭಾವೇದಿಕೆಯೇ. ಇದು ಯಾವ ಒಂದು ಮತದ ಸೊತ್ತೂ ಅಲ್ಲ, ಓದುವವರ ಸೊತ್ತು.

ಹೆಸರು ತಪ್ಪಿದರೆ ನಷ್ಟವೇನು ಎಂದು ಕೇಳಬಹುದು. ಹೆಸರಿನೊಡನೆ ಉದ್ದೇಶವೂ ಮರೆತುಹೋಗುತ್ತದೆ. ವ್ಯಾಸಪೀಠವು ಪುಸ್ತಕವನ್ನು ಎತ್ತಿ ಹಿಡಿಯುತ್ತದೆ. ಓದುವವನ ಮುಖವನ್ನು ಮುಚ್ಚುವುದಿಲ್ಲ. ಪೆಟ್ಟಿಗೆಯನ್ನಾದರೋ ಅತಿಥಿಗಳ ಎತ್ತರಕ್ಕೆ ಮಾಡಿಸಿರುತ್ತಾರೆ. ಭಾಷಣಸ್ಪರ್ಧೆಯ ದಿನ ಅದರ ಹಿಂದೆ ನಿಂತ ಐದನೆಯ ತರಗತಿಯ ಹುಡುಗಿಯ ನೆತ್ತಿಯ ರಿಬ್ಬನ್ನಷ್ಟೇ ಸಭೆಗೆ ಕಾಣುತ್ತದೆ. ಮೈಕು ಅವಳ ಹಣೆಗಿಂತ ಮೇಲಿರುತ್ತದೆ. ಬಾಯಿಪಾಠದ ಮಾತು ನಡುವೆ ಉಡುಗಿಹೋದರೆ, ಮಗುವಿಗೆ ಸಭಾಕಂಪವೆಂದು ನಾವು ತೀರ್ಪು ಕೊಡುತ್ತೇವೆ. ಕಂಪಕ್ಕೆ ಕಾರಣ ಸಭೆಯೋ, ಪೆಟ್ಟಿಗೆಯೋ ಎಂದು ವಿಚಾರಿಸುವವರಿಲ್ಲ.

ಆದುದರಿಂದ ಉಪಾಧ್ಯಾಯ ಮಿತ್ರರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ವೇದಿಕೆಯನ್ನು ವೇದಿಕೆಯೆನ್ನಿ, ವ್ಯಾಸಪೀಠವನ್ನು ವ್ಯಾಸಪೀಠವೆನ್ನಿ. ಒಂದು ಮೇಜಿನ ಮೇಲೆ ಅದನ್ನಿಟ್ಟರೆ ನಿಂತು ಮಾತನಾಡುವವರಿಗೂ ಸಾಕು. ಬಡಗಿಗೆ ಅಳತೆ ಹೇಳುವಾಗ ಶಾಲೆಯ ಅತಿ ಕುಳ್ಳ ಮಗುವನ್ನು ಕರೆದು ನಿಲ್ಲಿಸಿ. ಎತ್ತರದವರು ಬಗ್ಗಿ ಓದಬಲ್ಲರು. ಮಗು ಬೆಳೆಯುವವರೆಗೆ ಅದರ ಮಾತು ಕಾದಿರಲಾರದು.